ಪೀಣ್ಯದ ಶೆಡ್ಡಿನಲ್ಲಿ ನಮ್ಮ ಮೊದಲ ಆಲ್ಬಂ: ನನ್ನ ಅನುಭವ

ಕೊನೆಗೂ ಆಲ್ಬಂ ಮುಗಿಯಿತು. 11 ಹಾಡು, ಹೆಚ್ಚುಕಡಿಮೆ 26 ನಿಮಿಷ. ನಮ್ಮದು ಮೂರು ಜನರ ರಾಕ್ ಬ್ಯಾಂಡ್. ಮೂವರೂ ಒಂದೇ ಕಡೆ ನಿಂತು ಒಟ್ಟಿಗೆ ನುಡಿಸಿ ರೆಕಾರ್ಡ್ ಮಾಡುತ್ತೇವೆ ಅಂದಾಗ 'ಡೆಮೊ ಥರ, ಕಚ್ಚಾ ರೆಕಾರ್ಡಿಂಗ್ ಥರ ಇರುತ್ತೆ, ಬೇಡ' ಅಂದವರೇ ಜಾಸ್ತಿ. ಈಗ ಅವರೇ, ಡ್ರಮ್ಸ್ ಯಾವ ಸ್ಟುಡಿಯೊದಲ್ಲಿ ಮಾಡಿದ್ದು ಅಂತ ಕೇಳುತ್ತಿದ್ದಾರೆ.

ಮೊದಲು ಹೋಗಿದ್ದು ಸ್ಟುಡಿಯೊಗೇ. ಗಂಟೆಗೆ 900 ಇರಬೇಕು. ಡ್ರಮ್ಸ್ ಒಂದು ದಿನ, ಬೇಸ್ ಇನ್ನೊಂದು ದಿನ, ಎಲ್ಲ ಕ್ಲಿಕ್ಕಿಗೆ, ಅಂದರೆ ಕಿವಿಯಲ್ಲಿ ಒಂದೇ ವೇಗದಲ್ಲಿ ಟಿಕ್ ಟಿಕ್ ಅನ್ನುವ ತಾಳಕ್ಕೆ. ನಾಲ್ಕು ಹಾಡಿಗೆ ಸುಮಾರು 45 ಸಾವಿರ ಹೋಯಿತು. ಕೇಳಿದರೆ ಒಂದು ತಪ್ಪೂ ಇಲ್ಲ, ಜೀವವೂ ಇಲ್ಲ. ಗಿಗ್‌ನಲ್ಲಿ ಸ್ಟೇಜ್ ಮೇಲೆ ಕೋರಸ್ ಬಂದ ಕೂಡಲೇ ನಾವು ಸ್ವಲ್ಪ ಓಡುತ್ತೇವೆ, ಆ ಓಟವನ್ನೇ ಕ್ಲಿಕ್ ಕಟ್ಟಿಹಾಕಿತ್ತು. ಅಷ್ಟನ್ನೂ ಅಳಿಸಿದೆವು. ನಮ್ಮ ಬೇಸ್ ಹುಡುಗ ಬೈಕ್ ಮಾರಿ ಹಾಕಿದ ದುಡ್ಡು ಅದು, ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ.

ಆಮೇಲೆ ಸುಮ್ನೆ ಕೂತು ಹಳೆಯದನ್ನು ಕೇಳಿದೆ. ನ್ಯೂಯಾರ್ಕಿನ ಪಂಕ್ ಬ್ಯಾಂಡ್ ರಮೋನ್ಸ್‌ದು ಮೊದಲ ಆಲ್ಬಂ 1976ರದ್ದು, 14 ಹಾಡು, 29 ನಿಮಿಷ, ಖರ್ಚು 6,400 ಡಾಲರ್ ಆಸುಪಾಸು. ಬೇಸ್ ಒಂದು ಕಿವಿಗೆ, ಗಿಟಾರ್ ಇನ್ನೊಂದು ಕಿವಿಗೆ. ಅದನ್ನು ಹಾಗೇ ಎತ್ತಿಕೊಂಡೆ. ಅಮೆರಿಕದ ಟಕೋಮಾ ಊರಿನ ಸಾನಿಕ್ಸ್ ಅನ್ನೋ ರಾಕ್ ಬ್ಯಾಂಡಿನ 1965ರ ಮೊದಲ ಆಲ್ಬಂನಲ್ಲಂತೂ ಗಂಟಲೂ ಒಡೆದೇ ಬರುತ್ತೆ, ಅದೇ ಅದರ ಸೊಗಸು ಅಲ್ವಾ?

ಗೆಳೆಯನ ಮಾವನ ಲೇತ್ ಶೆಡ್ ಪೀಣ್ಯದಲ್ಲಿದೆ, ಭಾನುವಾರ ಮೆಷಿನ್ ಓಡುವುದಿಲ್ಲ. ಮೊದಲ ಭಾನುವಾರ ಮಳೆ ಬಂದು ಶೀಟಿನ ಸದ್ದಿಗೆ ಎಲ್ಲ ಹಾಳು. ಎರಡನೆಯದರಲ್ಲಿ ಎಂಟು ಹಾಡು, ಮೂರನೆಯದರಲ್ಲಿ ಉಳಿದದ್ದು. ಡ್ರಮ್ಸ್‌ಗೆ ಮೂರೇ ಮೈಕ್. ಚಟ್ ಅಂತ ಸದ್ದು ಬರೋ ಸ್ನೇರ್ ಡ್ರಮ್ಮಿನ ನಡುವಿಗೆ ದಾರ ಹಿಡಿದು ಅಳೆದೆ: ಮೇಲಿನ ಮೈಕು, ನೆಲದ ಮೇಲೆ ನಿಲ್ಲೋ ದೊಡ್ಡ ಡ್ರಮ್ಮು ಫ್ಲೋರ್ ಟಾಮ್ ಪಕ್ಕದ ಮೈಕು ಎರಡೂ ಅಷ್ಟೇ ದೂರ, ಮೂರು ಅಡಿ ಮೇಲೆ ಒಂದು ಗೇಣು. ಮೊದಲು ನಾಲ್ಕು ಬೆರಳು ಆಚೀಚೆ ಇಟ್ಟಿದ್ದಕ್ಕೆ ಸ್ನೇರ್ ಬೆಂಕಿಪೊಟ್ಟಣ ಬಡಿದ ಹಾಗೆ ಕೇಳಿತ್ತು. ಕಾಲಲ್ಲಿ ಬಾರಿಸೋ ಕಿಕ್ ಡ್ರಮ್ಮಿನ ಮೈಕ್ ಎಲ್ಲಿಟ್ಟೆ ಅಂತ ಮಾತ್ರ ಹೇಳುವುದಿಲ್ಲ, ಒಂದು ವರ್ಷ ತಿಣುಕಿ ಕಂಡುಕೊಂಡಿದ್ದು. 15 ವಾಟಿನ ಟ್ಯೂಬ್ ಆಂಪ್ಲಿಫೈಯರಿನ ವಾಲ್ಯೂಮ್ ಪೂರ್ತಿ ತಿರುಗಿಸಿ, ಹಿಂದೆ ಗೋಣಿಚೀಲದ ಗೋಡೆ. ಮೂರು ಟೇಕ್ ದಾಟಿದರೆ ಆ ಹಾಡು ಅವತ್ತಿಗೆ ಬಂದ್.

ನಡುವೆ ಖಾಲಿ ಸಿಂಟೆಕ್ಸ್ ಟ್ಯಾಂಕಿನೊಳಗೆ ಸ್ಪೀಕರ್, ಮೈಕ್ ಎರಡನ್ನೂ ಇಳಿಸಿ ಹಾಡಿದ್ದನ್ನು ಅದರಲ್ಲಿ ಹಾಯಿಸಿದೆ. ಮಾತೆಲ್ಲ ಗೊಂಯ್ ಅಂತ ಕಲಸಿಹೋಯಿತು. ಮುಚ್ಚಳ ಅರ್ಧ ತೆಗೆದಾಗ ಎರಡು ಕಿರುಚಾಟ ಮಾತ್ರ ಅದ್ಭುತವಾಗಿ ಬಂತು, ಅವು ಆಲ್ಬಂನಲ್ಲಿವೆ.

ಈ ಸಲದ ಖರ್ಚು ಮೈಕ್ ಬಾಡಿಗೆ, ಟೆಂಪೊ, ಬಿರಿಯಾನಿ ಸೇರಿ 11 ಸಾವಿರ ದಾಟಿಲ್ಲ. ಬೇಸ್ ಹುಡುಗನ ದುಡ್ಡು ಗಿಗ್‌ಗಳಿಂದ ತೀರಿಸುತ್ತಿದ್ದೇವೆ, ಅರ್ಧ ಬಾಕಿ ಇದೆ.