ದೇಹ ತನ್ನನ್ನು ತಾನು ಸರಿದೂಗಿಸಿಕೊಳ್ಳುವುದನ್ನು ಮನೆಯಲ್ಲೇ ನೋಡುವುದು ಹೇಗೆ?

‘ದೇಹದ ಉಷ್ಣತೆ 37 ಡಿಗ್ರಿ ಸೆಲ್ಸಿಯಸ್’ ಎಂದು ಬಾಯಿಪಾಠ ಒಪ್ಪಿಸಿ ಕುಳಿತುಬಿಡುವ ವಿದ್ಯಾರ್ಥಿಗಳನ್ನು ಕಂಡರೆ ಜೀವಶಾಸ್ತ್ರದ ಮೇಷ್ಟರಾದ ನನಗೆ ರೇಗುತ್ತದೆ. ಅಂಕಿಯಲ್ಲಿ ಏನಿದೆ? ಅದನ್ನು ಉಳಿಸಿಕೊಳ್ಳಲು ದೇಹ ಪಡುವ ಪಾಡನ್ನು ನೋಡಬೇಕು. ಅದಕ್ಕೆ ಸೆಕೆಂಡು ಮುಳ್ಳಿರುವ ಗಡಿಯಾರ, ಒಂದು ಥರ್ಮಾಮೀಟರ್ ಸಾಕು.

ನಾಡಿಯಿಂದ ಶುರುಮಾಡಿ. ಐದು ನಿಮಿಷ ಅಂಗಾತ ಮಲಗಿ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಅರ್ಧ ನಿಮಿಷ ಮಿಡಿತ ಎಣಿಸಿ, ಎರಡರಿಂದ ಗುಣಿಸಿ. ಹೆಬ್ಬೆರಳಿನಿಂದ ಮುಟ್ಟಿ ನೋಡಬೇಡಿ, ಅದರದೇ ಮಿಡಿತ ಲೆಕ್ಕ ತಪ್ಪಿಸೀತು. ಈಗ ಎದ್ದು ನಿಂತು, ಒಂದು ನಿಮಿಷ ಬಿಟ್ಟು ಮತ್ತೆ ಎಣಿಸಿ. ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ಮಿಡಿತ ಹೆಚ್ಚಿರುತ್ತದೆ.

ನಿಂತ ಕೂಡಲೇ ಸುಮಾರು ಅರ್ಧ ಲೀಟರಿನಷ್ಟು ರಕ್ತ ಕಾಲು, ಹೊಟ್ಟೆಯ ಕಡೆಗೆ ಜಾರುತ್ತದೆ. ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ಒತ್ತಡ ಕುಸಿಯತೊಡಗುತ್ತದೆ. ಕುತ್ತಿಗೆಯ ಶೀರ್ಷಧಮನಿಯಲ್ಲೂ ಮಹಾಧಮನಿಯಲ್ಲೂ ಇರುವ ಒತ್ತಡಗ್ರಾಹಿಗಳು ಇದನ್ನು ಗುರುತಿಸಿ ಮೆದುಳಿನ ಬುಡಕ್ಕೆ ಸುದ್ದಿ ಮುಟ್ಟಿಸುತ್ತವೆ. ಅಲ್ಲಿಂದ ಹೊರಟ ಆದೇಶಕ್ಕೆ ಹೃದಯ ವೇಗ ಹೆಚ್ಚಿಸುತ್ತದೆ, ರಕ್ತನಾಳಗಳು ಬಿಗಿಯುತ್ತವೆ. ಕೆಲವೇ ಸೆಕೆಂಡುಗಳ ಕೆಲಸ. ನಾಡಿ ಬದಲಾಗಿದ್ದರಿಂದಲೇ ಒತ್ತಡ ಬದಲಾಗದೆ ಉಳಿಯಿತು ಎಂಬುದನ್ನು ಗಮನಿಸಿ. ನನ್ನ ಪ್ರಕಾರ ಇಡೀ ವಿಷಯದ ತಿರುಳೇ ಇದು. ಕಣ್ಣು ಕತ್ತಲೆ ಬಂದರೆ ತಕ್ಷಣ ಕುಳಿತುಕೊಳ್ಳಿ. ಪದೇ ಪದೇ ಹಾಗಾದರೆ ವೈದ್ಯರಿಗೆ ತೋರಿಸಿ.

ಮುಂದಿನದು ಉಸಿರು. ಕುಳಿತುಕೊಂಡೇ, ಆರಾಮವೆನಿಸುವಷ್ಟು ಹೊತ್ತು ಮಾತ್ರ ಉಸಿರು ಹಿಡಿಯಿರಿ. ‘ಇನ್ನು ಸಾಧ್ಯವಿಲ್ಲ’ ಎನಿಸುವುದು ಆಮ್ಲಜನಕ ಮುಗಿದುದರಿಂದ ಎಂದು ಹೆಚ್ಚಿನವರು ತಿಳಿದಿದ್ದಾರೆ. ಮುಖ್ಯ ಕಾರಣ ಅದಲ್ಲ, ರಕ್ತದಲ್ಲಿ ಏರುವ ಇಂಗಾಲದ ಡೈಆಕ್ಸೈಡ್. ಅದು ಹೆಚ್ಚಿದಂತೆ ರಕ್ತ ಆಮ್ಲೀಯತೆಯತ್ತ ವಾಲುತ್ತದೆ. ರಕ್ತದ ಪಿಎಚ್ (ಆಮ್ಲ-ಕ್ಷಾರಗಳ ಅಳತೆ; ಆಮ್ಲೀಯತೆ ಹೆಚ್ಚಿದಂತೆ ಅಂಕಿ ಇಳಿಯುತ್ತದೆ) 7.35ರಿಂದ 7.45ರೊಳಗೆ ಇರಬೇಕಾದ್ದರಿಂದ ಮೆದುಳು ಉಸಿರಾಡಲು ಒತ್ತಾಯಿಸುತ್ತದೆ. ಈ ಪ್ರಯೋಗವನ್ನು ನೀರಿನಲ್ಲಿ ಮಾಡಲೇಬೇಡಿ. ಜೋರಾಗಿ ಉಸಿರಾಡಿ ಮುಳುಗುವವರಲ್ಲಿ ಇಂಗಾಲದ ಡೈಆಕ್ಸೈಡ್ ಮೊದಲೇ ಇಳಿದಿರುವುದರಿಂದ ಎಚ್ಚರಿಕೆ ಬರುವ ಮುನ್ನವೇ ಪ್ರಜ್ಞೆ ತಪ್ಪಬಹುದು.

ಇನ್ನು ಥರ್ಮಾಮೀಟರ್. ಎದ್ದ ತಕ್ಷಣ ಒಮ್ಮೆ, ಸಂಜೆ ಒಮ್ಮೆ ನೋಡಿ ಬರೆದಿಡಿ. ಸಂಜೆಯ ಅಂಕಿ ಅರ್ಧ ಡಿಗ್ರಿಯಷ್ಟು ಹೆಚ್ಚಿದ್ದರೆ ಗಾಬರಿ ಬೇಡ. ಬಿಸಿ ಅಥವಾ ತಣ್ಣನೆಯದೇನನ್ನಾದರೂ ಕುಡಿದಿದ್ದರೆ ಅರ್ಧ ಗಂಟೆ ಕಾಯಿರಿ, ಇಲ್ಲದಿದ್ದರೆ ನೀವು ಅಳೆಯುವುದು ಲೋಟದ ಉಷ್ಣತೆಯನ್ನು!

ಜ್ವರ ಬಂದಾಗಲೂ ಇದೇ ಪುಸ್ತಕದಲ್ಲಿ ಬರೆಯಿರಿ. ಆಗ ದೇಹದ ಉಷ್ಣತೆಯನ್ನು ನಿಯಂತ್ರಿಸುವ ಮೆದುಳಿನ ಭಾಗವಾದ ಹೈಪೊಥಲಾಮಸ್ ತನ್ನ ಗುರಿಯನ್ನೇ ಮೇಲಕ್ಕೇರಿಸಿಕೊಂಡಿರುತ್ತದೆ. ಹಾಗಾಗಿ 38 ಡಿಗ್ರಿ ಇದ್ದರೂ ಚಳಿಯೆನಿಸಿ ನಡುಕ ಬರುತ್ತದೆ: ಸ್ನಾಯುಗಳು ಶಾಖ ಹುಟ್ಟಿಸುತ್ತಿವೆ. ಗುರಿ ಮತ್ತೆ ಕೆಳಗಿಳಿದಾಗ ಬೆವರು ಸುರಿಯುತ್ತದೆ. ನಡುಕ, ಬೆವರು ಎಷ್ಟು ಗಂಟೆಗೆ ಬಂದವು ಎಂಬುದನ್ನೂ ಅಂಕಿಯ ಪಕ್ಕದಲ್ಲೇ ಗುರುತು ಹಾಕಿ. ವೈದ್ಯರು ಮೊದಲು ಕೇಳುವುದರಲ್ಲಿ ಇದೂ ಒಂದು.