ಏರ್ ಪಿಸ್ತೂಲಿನ ಫ್ರಂಟ್ ಸೈಟ್ ಎಡಕ್ಕೆ ವಾಲುತ್ತಿದ್ದುದು ಸರಿಯಾದದ್ದು ಹೀಗೆ

ಪುಣೆಯ ಬಾಲೇವಾಡಿಯಲ್ಲಿ 10 ಮೀಟರ್ ಏರ್ ಪಿಸ್ತೂಲ್ ಶೂಟಿಂಗ್ ಅಭ್ಯಾಸ ಮಾಡುವ ನಾನು ಬಲಗೈಯಲ್ಲಿ ಪಿಸ್ತೂಲು ಎತ್ತಿದಾಗಲೆಲ್ಲ ಫ್ರಂಟ್ ಸೈಟ್ (ನಳಿಕೆಯ ತುದಿಯ ಗುರಿಕಡ್ಡಿ) ಹಿಂದಿನ ಸೈಟಿನ ಕಚ್ಚಿನ ಎಡಕ್ಕೇ ಬಂದು ನಿಲ್ಲುತ್ತಿತ್ತು. ಮಣಿಕಟ್ಟನ್ನು ತಿರುಚಿ ನೇರ ಮಾಡಿಕೊಂಡರೂ ಹೊಡೆತಗಳು ಎಡಕ್ಕೆ ಚದುರುತ್ತಿದ್ದವು.

ಹಿಂದಿನ ಸೈಟನ್ನು ಬಲಕ್ಕೆ ತಿರುಗಿಸಿದರೆ ಹೊಡೆತಗಳ ಗುಂಪು ಸರಿಯಿತೇ ಹೊರತು ಚದುರುವಿಕೆ ಕಡಿಮೆಯಾಗಲಿಲ್ಲ. ಪೆಲೆಟ್ (ಏರ್ ಪಿಸ್ತೂಲಿನ ಗುಂಡು) ಬದಲಿಸಿದ್ದರಿಂದಲೂ ಪಾಮ್ ಶೆಲ್ಫ್ (ಗ್ರಿಪ್ಪಿನ ಕೆಳಗೆ ಅಂಗೈಗೆ ಆಸರೆಯಾಗುವ, ಮೇಲೆ ಕೆಳಗೆ ಸರಿಸಬಹುದಾದ ಹಲಗೆ) ಬಿಗಿಗೊಳಿಸಿದ್ದರಿಂದಲೂ ಪ್ರಯೋಜನವಾಗಲಿಲ್ಲ. ಟ್ರಿಗರ್ ಸ್ಪರ್ಧಾ ನಿಯಮದ ಕನಿಷ್ಠ 500 ಗ್ರಾಂ ತೂಕವನ್ನು ಬಿಡುಗಡೆಯಾಗದೆ ಎತ್ತುತ್ತಿದ್ದುದರಿಂದ ಅದನ್ನು ಮುಟ್ಟುವ ಅಗತ್ಯವಿರಲಿಲ್ಲ.

ಪರಿಹಾರ ಸಿಕ್ಕಿದ್ದು ಮರದ ಗ್ರಿಪ್ಪಿನಲ್ಲಿ. ಪಿಸ್ತೂಲು ಖಾಲಿಯಿದೆಯೆಂದು ಖಚಿತಪಡಿಸಿಕೊಂಡು, ಶೆಲ್ಫನ್ನು ಸುಮಾರು 3 ಮಿ.ಮೀ. ಕೆಳಗಿಳಿಸಿ, ಅಂಗೈಯ ಬುಡ ಒತ್ತುವ ಹಿಂಬದಿಯ ಬಲಭಾಗಕ್ಕೆ ಎಂ-ಸೀಲ್ (ಒಣಗಿ ಗಟ್ಟಿಯಾಗುವ ಎಪಾಕ್ಸಿ ಪುಟ್ಟಿ) ಅನ್ನು 2 ಮಿ.ಮೀ. ದಪ್ಪಕ್ಕೆ ಹಚ್ಚಿದೆ. ತೆಳುವಾದ ಕೈಗವಸು ತೊಟ್ಟು, ಎಂದಿನ ಒತ್ತಡದಲ್ಲೇ ಹಿಡಿದು ಅಚ್ಚು ಮೂಡಿಸಿ, ಇಡೀ ದಿನ ಒಣಗಲು ಬಿಟ್ಟೆ. ಬಳಿಕ 120, ನಂತರ 240 ಸಂಖ್ಯೆಯ ಮರಳು ಕಾಗದದಿಂದ ಸ್ವಲ್ಪ ಸ್ವಲ್ಪವೇ ಉಜ್ಜುತ್ತ, ಪ್ರತಿ ಬಾರಿಯೂ ಕಣ್ಣುಮುಚ್ಚಿ ಗುರಿಯತ್ತ ತೋಳೆತ್ತಿ, ಕಣ್ಣು ತೆರೆದೊಡನೆ ಸೈಟು ಎಲ್ಲಿದೆಯೆಂದು ನೋಡಿದೆ. ಕಚ್ಚಿನ ಎರಡೂ ಬದಿಯ ಬೆಳಕು ಸಮವಾದಾಗ ಉಜ್ಜುವುದನ್ನು ನಿಲ್ಲಿಸಬೇಕು. ನುಣುಪು ಹೆಚ್ಚಾದರೆ ಬೆವರಿದ ಕೈ ಜಾರುತ್ತದೆ.

ಶೆಲ್ಫನ್ನು ಒಂದು ಕಾಗದ ತೂರುವಷ್ಟು ಸಡಿಲವಾಗಿ ಏರಿಸಿ, ಸೈಟಿನ ಹೊಂದಾಣಿಕೆಯನ್ನು ಕಟ್ಟಕಡೆಗೆ ಮಾಡಿದೆ. ಪಿಸ್ತೂಲು ಸ್ಪರ್ಧಾ ನಿಯಮದ 420 × 200 × 50 ಮಿ.ಮೀ. ಅಳತೆ ಪೆಟ್ಟಿಗೆಯೊಳಗೆ ಹಿಡಿಸುವುದನ್ನೂ ಪರೀಕ್ಷಿಸಿಕೊಳ್ಳಬೇಕು, ಏಕೆಂದರೆ ಹೀಗೆ ಹಚ್ಚಿದ ಪದರ ಅಗಲವನ್ನು ಹೆಚ್ಚಿಸುತ್ತದೆ.