ಪ್ರಾಜೆಕ್ಟ್ ತೆರೆಯಲು ಒಂದು ಸಾಲು ಸಾಕು

ಕೋಡ್ ಬರೆಯುವ ಎಡಿಟರ್ ಆದ ಸಬ್ಲೈಮ್ ಟೆಕ್ಸ್ಟ್‌ಗೆ ಹೊಸಬರಾದವರ ಪಕ್ಕ ಕುಳಿತು ನೋಡಿದ್ದೇನೆ. ಬೆಳಿಗ್ಗೆ ಎಡಿಟರ್ ತೆರೆಯುತ್ತಾರೆ, ಫೋಲ್ಡರ್ ಹುಡುಕಿ ಮೌಸ್‌ನಿಂದ ಎಳೆದು ತರುತ್ತಾರೆ, ಸಂಜೆ ಮುಚ್ಚುತ್ತಾರೆ. ಮರುದಿನ ಮತ್ತೆ ಅದೇ ಮೆರವಣಿಗೆ. ಆಜ್ಞೆಗಳನ್ನು ಬರೆಯುವ ಕಿಟಕಿಯಾದ ಟರ್ಮಿನಲ್‌ನಲ್ಲಿ ಒಂದು ಸಾಲು ಬರೆದರೆ ಮುಗಿಯುವ ಕೆಲಸವಿದು.

ಮೊದಲು ಟರ್ಮಿನಲ್‌ನಲ್ಲಿ ಎಸ್, ಯು, ಬಿ, ಎಲ್ ಎಂಬ ನಾಲ್ಕು ಇಂಗ್ಲಿಷ್ ಅಕ್ಷರ ಒತ್ತಿ. ಎಡಿಟರ್ ತೆರೆದರೆ ಸರಿ. ಲಿನಕ್ಸ್‌ನ ಅಧಿಕೃತ ಪ್ಯಾಕೇಜ್‌ನಲ್ಲಿ ಈ 'ಸಬ್ಲ್' ಆಜ್ಞೆ ತಾನಾಗಿ ಬರುತ್ತದೆ. ಮ್ಯಾಕ್‌ನಲ್ಲಿ ಅದು ಆ್ಯಪ್‌ನ ಹೊಟ್ಟೆಯೊಳಗಿರುತ್ತದೆ, ಟರ್ಮಿನಲ್‌ಗೆ ಸಿಗುವಂತೆ ಲಿಂಕ್ ಮಾಡಿಕೊಳ್ಳಿ. ವಿಂಡೋಸ್‌ನಲ್ಲಿ ಸಬ್ಲೈಮ್ ಟೆಕ್ಸ್ಟ್ ಇರುವ ಫೋಲ್ಡರನ್ನು, ಆಜ್ಞೆಗಳನ್ನು ಎಲ್ಲಿ ಹುಡುಕಬೇಕೆಂದು ಹೇಳುವ ಪಾತ್ ಪಟ್ಟಿಗೆ ಸೇರಿಸಿ.

ಮುಂದೆ, ಪ್ರಾಜೆಕ್ಟ್ ಮೆನುವಿನಿಂದ ಉಳಿಸಿದರೆ ಎರಡು ಫೈಲ್ ಹುಟ್ಟುತ್ತವೆ: ಒಂದರ ಹೆಸರಿನ ಬಾಲ 'ಸಬ್ಲೈಮ್-ಪ್ರಾಜೆಕ್ಟ್', ಇನ್ನೊಂದರದು 'ಸಬ್ಲೈಮ್-ವರ್ಕ್‌ಸ್ಪೇಸ್'. ಜನ ಎಡವುವುದು ಇಲ್ಲಿಯೇ. ಮೊದಲನೆಯದು ಯಾವ ಫೋಲ್ಡರ್ ಬೇಕು, ಯಾವುದು ಬೇಡ ಎಂದು ಹೇಳುವ, ಜೇಸನ್ ಎಂಬ ಸರಳ ವಿನ್ಯಾಸದಲ್ಲಿ ಬರೆದ ಪಠ್ಯ. ಅದನ್ನು ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ಗೆ ಸೇರಿಸಿ, ತಂಡದವರಿಗೂ ಕೊಡಿ. ಎರಡನೆಯದು ನಿಮ್ಮ ಖಾಸಗಿ ದಿನಚರಿ. ತೆರೆದಿಟ್ಟ ಫೈಲುಗಳು ಮಾತ್ರವಲ್ಲ, ನೀವು ಹುಡುಕಿದ ಪದಗಳೂ ಅದರಲ್ಲಿ ಉಳಿಯುತ್ತವೆ. ಯಾವುದೋ ಪಾಸ್‌ವರ್ಡ್ ಹುಡುಕಿದ್ದರೆ ಅದೂ ಇರುತ್ತದೆ. ಗಿಟ್ ಯಾವುದನ್ನು ಬಿಡಬೇಕೆಂದು ಹೇಳುವ ಗಿಟ್‌ಇಗ್ನೋರ್ ಫೈಲಿನಲ್ಲಿ ಅದರ ಹೆಸರನ್ನು ಇವತ್ತೇ ಬರೆದುಬಿಡಿ.

ಪ್ರಾಜೆಕ್ಟ್ ಫೈಲ್ ಫೋಲ್ಡರಿನ ಬುಡದಲ್ಲೇ ಇರಲಿ, ಅದರೊಳಗೆ ಫೋಲ್ಡರಿನ ದಾರಿ ಹೇಳುವ 'ಪಾತ್' ಎದುರು ಒಂದೇ ಒಂದು ಚುಕ್ಕೆ ಇರಲಿ. ಇಲ್ಲಿ ಬರೆದ ದಾರಿ ಆ ಫೈಲ್ ಇರುವ ಜಾಗದಿಂದ ಎಣಿಕೆಯಾಗುತ್ತದೆ. ಚುಕ್ಕೆ ಎಂದರೆ 'ನಾನಿರುವ ಜಾಗ'. ನಿಮ್ಮ ಬಳಕೆದಾರ ಹೆಸರಿರುವ ಪೂರ್ತಿ ದಾರಿ ಬರೆದರೆ ಸಹೋದ್ಯೋಗಿಯ ಯಂತ್ರದಲ್ಲಿ ಖಾಲಿ ಪಟ್ಟಿಯಷ್ಟೇ ಕಾಣುತ್ತದೆ. ವಿಂಡೋಸ್‌ನವರ ಪಾಡು ಇನ್ನೂ ವಿಚಿತ್ರ: ಜೇಸನ್‌ನಲ್ಲಿ ಹಿಂಬಾಗಿದ ಗೆರೆಯ (\) ನಂತರ ಎನ್ ಅಕ್ಷರ ಬಂದರೆ ಅದು ಹೊಸ ಸಾಲು ಎಂದಾಗುತ್ತದೆ. ಗೆರೆಯನ್ನು ಎರಡೆರಡು ಬಾರಿ ಹಾಕಬೇಕು. ಮುಂಬಾಗಿದ ಗೆರೆ (/) ಬಳಸಿದರೆ ಆ ತಲೆನೋವೇ ಇಲ್ಲ. ಎಲ್ಲ ಪ್ರಾಜೆಕ್ಟ್ ಫೈಲುಗಳನ್ನು ಒಂದೇ ಕಪಾಟಿಗೆ ತುಂಬುವ ಪ್ಲಗಿನ್‌ಗಳೂ ಇವೆ. ನನಗೆ ಅವು ಹಿಡಿಸಿಲ್ಲ. ಗಂಟು ಒಂದು ಕಡೆ, ಸಾಮಾನು ಇನ್ನೊಂದು ಕಡೆ.

ಬೇರೆಯವರು ಬರೆದ ಕೋಡ್ ತುಂಬಿರುವ ನೋಡ್ ಮಾಡ್ಯೂಲ್ಸ್‌ನಂಥ ಭಾರದ ಫೋಲ್ಡರನ್ನು ಹೊರಗಿಡುವ ಪಟ್ಟಿಗೆ ಸೇರಿಸಿ. ಬದಿಪಟ್ಟಿಯಲ್ಲಿ ಕಾಣಬೇಕು, ಹುಡುಕಾಟದಲ್ಲಿ ಮಾತ್ರ ಸಿಗಬಾರದು ಎನ್ನುವ ಫೈಲುಗಳಿಗೆ ಬೈನರಿ ಫೈಲುಗಳ ಪಟ್ಟಿ ಇದೆ. ಲಾಗ್ ಫೈಲುಗಳನ್ನು ನಾನು ಅಲ್ಲಿಗೇ ತಳ್ಳುತ್ತೇನೆ.

ಇನ್ನು ತೆರೆಯುವುದು. 'ಸಬ್ಲ್' ಮುಂದೆ ನೇರವಾಗಿ ಪ್ರಾಜೆಕ್ಟ್ ಫೈಲಿನ ಹೆಸರು ಕೊಟ್ಟರೆ ಜೇಸನ್ ಪಠ್ಯವೇ ಎದುರಿಗೆ ಬಂದು ನಿಲ್ಲುತ್ತದೆ. ನಡುವೆ ಎರಡು ಅಡ್ಡಗೆರೆ ಹಾಕಿ 'ಪ್ರಾಜೆಕ್ಟ್' ಎಂದು ಬರೆದರೆ ಮಾತ್ರ ಅದು ಪ್ರಾಜೆಕ್ಟಾಗಿ ತೆರೆಯುತ್ತದೆ. ನಿತ್ಯದ ಬಳಕೆಗೆ ಇದಕ್ಕೊಂದು ಅಲಿಯಾಸ್, ಅಂದರೆ ಅಡ್ಡಹೆಸರು, ಮಾಡಿ, ಮೂರಕ್ಷರಕ್ಕೆ ಮೀರದಂತೆ.

ಗಿಟ್‌ನ ಕಮಿಟ್ ಸಂದೇಶವನ್ನೂ (ಬದಲಾವಣೆ ದಾಖಲಿಸುವಾಗ ಬರೆಯುವ ಟಿಪ್ಪಣಿ) ಈ ಎಡಿಟರ್‌ನಲ್ಲೇ ಬರೆಯುವವರು ಗಿಟ್‌ಗೆ ಕೊಡುವ 'ಸಬ್ಲ್' ಆಜ್ಞೆಗೆ ಒಂದು ಅಡ್ಡಗೆರೆಯೊಂದಿಗೆ ಡಬ್ಲ್ಯು ಸೇರಿಸಿ. ಫೈಲ್ ಮುಚ್ಚುವ ತನಕ ಟರ್ಮಿನಲ್ ಕಾಯುತ್ತದೆ. ಅದನ್ನು ಬಿಟ್ಟರೆ ನೀವು ಮೊದಲ ಅಕ್ಷರ ಒತ್ತುವ ಮೊದಲೇ ಸಂದೇಶ ಖಾಲಿಯೆಂದು ಗಿಟ್ ಕೈಬಿಟ್ಟಿರುತ್ತದೆ.